ಟೈರ್ ಪೂರ್ತಿ ನೆಲ ಕಚ್ಚಿದಾಗ



ಕೆಚ್ಚಲು ಬಾವು, ಜಂತುಹುಳು, ಖನಿಜ ಮಿಶ್ರಣ ಎಂದು ಬರೆಯುವ ನಾನು ಈ ಸಲ ಕಾರಿನ ಟೈರಿನ ಬಗ್ಗೆ ಬರೆಯುತ್ತಿದ್ದೇನೆ. ಡಾಕ್ಟರಿಗೆ ಏನಾಯಿತು ಎಂದುಕೊಳ್ಳಬೇಡಿ. ಒಂದು ಟೈರಿನಲ್ಲಿ ಗಾಳಿ ಇಲ್ಲದೆ ನಮ್ಮದೇ ಸಂಘದ ಸದಸ್ಯೆಯೊಬ್ಬರ ಹಸುವಿನ ಪ್ರಾಣ ಹೋಗುವುದರಲ್ಲಿತ್ತು. ತಪ್ಪು ನನ್ನದೇ. ಆ ತಪ್ಪು ನಿಮಗೂ ಆಗಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಕಳೆದ ಮಳೆಗಾಲದಲ್ಲಿ ಒಂದು ದಿನ ಬೆಳಗಿನ ಜಾವ ಐದು ಗಂಟೆಗೆ ಗೋಪಾಳದ ನನ್ನ ಮನೆಯಲ್ಲಿ ಫೋನ್ ಹೊಡೆದುಕೊಂಡಿತು. ಆಯನೂರು ಕಡೆಯ ಹಳ್ಳಿಯಿಂದ ಕರೆ. "ಡಾಕ್ಟ್ರೇ, ಮೊನ್ನೆ ಕರು ಹಾಕಿದ ದನ ರಾತ್ರಿಯಿಂದ ಎದ್ದಿಲ್ಲ. ಕುತ್ತಿಗೆ ಹೊಟ್ಟೆ ಕಡೆ ಮಡಚಿಕೊಂಡು ಮಲಗಿದೆ. ಕಿವಿ ಮುಟ್ಟಿದ್ರೆ ಮಂಜುಗಡ್ಡೆ ಥರ ಇದೆ. ಬೇಗ ಬನ್ನಿ." ಮೂರನೇ ಸೂಲಿನ ಎಚ್.ಎಫ್. ಮಿಶ್ರತಳಿ. ಆ ಮನೆಯಲ್ಲಿ ಕರೆಯುವ ಹಸು ಅದೊಂದೇ.

ಲಕ್ಷಣ ಕೇಳಿದ ಕೂಡಲೇ ಹಾಲು ಜ್ವರ ಎಂದು ಅನುಮಾನ ಬಂತು. ಹೆಸರಿನಲ್ಲಿ ಜ್ವರವಿದ್ದರೂ ಇದರಲ್ಲಿ ಮೈ ತಣ್ಣಗಾಗುತ್ತದೆ. ಕರು ಹಾಕಿದ ಎರಡು ಮೂರು ದಿನಗಳೊಳಗೆ, ಹೆಚ್ಚು ಹಾಲು ಕೊಡುವ ಹಸುಗಳಲ್ಲಿ, ರಕ್ತದಲ್ಲಿನ ಕ್ಯಾಲ್ಸಿಯಂ ಏಕಾಏಕಿ ಹಾಲಿಗೆ ಹರಿದು ಹೋಗುವುದರಿಂದ ಬರುವ ತೊಂದರೆ ಇದು. ಹೊತ್ತಿಗೆ ಸರಿಯಾಗಿ ರಕ್ತನಾಳಕ್ಕೆ ಕ್ಯಾಲ್ಸಿಯಂ ಕೊಟ್ಟರೆ ಹಸು ಕಣ್ಣೆದುರೇ ಎದ್ದು ನಿಲ್ಲುತ್ತದೆ. ತಡವಾದರೆ ಕೆಲವೇ ಗಂಟೆಗಳಲ್ಲಿ ಸಾಯಲೂಬಹುದು.

"ಅಮ್ಮ, ಗಾಬರಿ ಆಗ್ಬೇಡಿ, ಹೊರಟೆ" ಎಂದು ಹೇಳಿ ಔಷಧಿ ಪೆಟ್ಟಿಗೆ ಹಿಡಿದು ಹೊರಗೆ ಬಂದರೆ, ಕಾರಿನ ಎಡಗಡೆಯ ಮುಂದಿನ ಟೈರ್ ಪೂರ್ತಿ ನೆಲಕ್ಕೆ ಅಂಟಿಕೊಂಡಿತ್ತು. ತರಬೇತಿಗೆಂದು ಹೋಗಿ ಹತ್ತು ದಿನ ಕಾರನ್ನು ನಿಲ್ಲಿಸಿದಲ್ಲೇ ಬಿಟ್ಟಿದ್ದೆ. ಸ್ಟೆಪ್ನಿ ಹಾಕೋಣವೆಂದು ಡಿಕ್ಕಿ ತೆಗೆದೆ. ಸ್ಟೆಪ್ನಿಯಲ್ಲಿ ಅದಕ್ಕಿಂತಲೂ ಕಡಿಮೆ ಗಾಳಿ! ಎರಡು ವರ್ಷದಿಂದ ಅದನ್ನು ಮುಟ್ಟಿಯೂ ನೋಡಿರಲಿಲ್ಲ. ಜಡಿಮಳೆ, ಪಂಕ್ಚರ್ ಅಂಗಡಿ ತೆರೆಯುವ ಹೊತ್ತಲ್ಲ, ಆ ದಿಕ್ಕಿಗೆ ಹೋಗಬಲ್ಲ ಇನ್ನೊಬ್ಬ ವೈದ್ಯರು ಬೇರೆ ಊರಿನಲ್ಲಿ ಕರು ಹೊರತೆಗೆಯುವ ಕೆಲಸದಲ್ಲಿದ್ದರು.

ಮೊದಲು ಆ ತಾಯಿಗೆ ಮತ್ತೆ ಫೋನ್ ಮಾಡಿ ಮೂರು ಮಾತು ಹೇಳಿದೆ. ಹಸು ಅಡ್ಡಬಿದ್ದಿದ್ದರೆ ಎದೆಯ ಮೇಲೆ ಕೂರುವಂತೆ ಎಬ್ಬಿಸಿ, ಎರಡೂ ಪಕ್ಕಕ್ಕೆ ಹುಲ್ಲು ತುಂಬಿದ ಗೋಣಿಚೀಲ ಒತ್ತಿಡಿ. ಬಾಯಿಗೆ ನೀರು, ಬೆಲ್ಲ, ಎಣ್ಣೆ, ಔಷಧಿ ಏನನ್ನೂ ಹಾಕಬೇಡಿ. ನುಂಗುವ ಶಕ್ತಿ ಇರುವುದಿಲ್ಲ, ಶ್ವಾಸಕೋಶಕ್ಕೆ ಹೋಗುತ್ತದೆ. ಹಾಲು ಕರೆಯಬೇಡಿ. ಇಷ್ಟು ಹೇಳಿ ಟೈರಿನ ಕಡೆಗೆ ತಿರುಗಿದೆ.

ಹದಿನೈದು ನಿಮಿಷ ವ್ಯರ್ಥ

ನನ್ನ ಬಳಿ ಕಾರಿನ ಸಾಕೆಟ್‌ಗೆ ಸಿಕ್ಕಿಸುವ 12 ವೋಲ್ಟಿನ ಚಿಕ್ಕ ಕಂಪ್ರೆಸರ್ ಇತ್ತು. ಕೊಂಡಮೇಲೆ ಬಳಸಿದ್ದು ಅವತ್ತೇ ಮೊದಲು. ವಾಲ್ವ್‌ಗೆ ಸಿಕ್ಕಿಸಿ ಚಾಲೂ ಮಾಡಿದೆ. ಅದು ಗಡಗಡ ಎಂದದ್ದೇ ಬಂತು, ಟೈರ್ ಒಂದಿಷ್ಟೂ ಏಳಲಿಲ್ಲ. ರಿಮ್ಮಿನ ಸುತ್ತ ಬುಸ್ಸೆಂದು ಗಾಳಿ ಹೊರಗೆ ಹೋಗುತ್ತಿತ್ತು.

ಅಷ್ಟರಲ್ಲಿ ನಮ್ಮ ರಸ್ತೆಯಲ್ಲೇ ಇರುವ, ಹಾಲಿನ ವ್ಯಾನ್ ಓಡಿಸುವ ಹಿರಿಯರೊಬ್ಬರು ಕೆಲಸಕ್ಕೆ ಹೊರಟವರು ನಿಂತು ನೋಡಿದರು. "ಸಾರ್, ಹಾಗೆ ಹೊಡೆದ್ರೆ ಮಧ್ಯಾಹ್ನ ಆದ್ರೂ ತುಂಬಲ್ಲ. ಮೊದಲು ಭಾರ ಇಳಿಸಿ" ಎಂದರು.

ಅಲ್ಲಿಯೇ ಇತ್ತು ನನ್ನ ತಪ್ಪು. ಈಗಿನ ಬಹುತೇಕ ಕಾರುಗಳ ಟೈರ್ ಟ್ಯೂಬ್‌ಲೆಸ್. ಒಳಗೆ ಟ್ಯೂಬ್ ಇಲ್ಲ. ಮೆಕ್ಯಾನಿಕ್‌ಗಳು ಬೀಡ್ ಎನ್ನುವ ಟೈರಿನ ದಪ್ಪ ಅಂಚು ರಿಮ್ಮಿಗೆ ಬಿಗಿಯಾಗಿ ಒತ್ತಿಕೊಂಡಿದ್ದರೆ ಮಾತ್ರ ಗಾಳಿ ನಿಲ್ಲುತ್ತದೆ. ಅದನ್ನು ಒತ್ತಿ ಹಿಡಿಯುವುದೂ ಒಳಗಿನ ಗಾಳಿಯೇ. ಗಾಳಿ ಪೂರ್ತಿ ಹೋದ ಮೇಲೆ ಕಾರಿನ ಭಾರಕ್ಕೆ ಟೈರ್ ಅಪ್ಪಚ್ಚಿಯಾಗಿ ಅಂಚು ರಿಮ್ಮಿನಿಂದ ಸಡಿಲವಾಗಬಹುದು. ಆಗ ಚಿಕ್ಕ ಕಂಪ್ರೆಸರ್ ಹೊಡೆಯುವ ಗಾಳಿ ಆ ಸಂದಿಯಲ್ಲಿ ಹೊರಗೆ ಹೋಗುತ್ತದೆ. ಗಾಳಿ ಅರ್ಧ ಇಳಿದ ಟೈರೇ ಬೇರೆ, ಪೂರ್ತಿ ಇಳಿದ ಟೈರೇ ಬೇರೆ.

ಮಾಡಬೇಕಾದ ಕ್ರಮ

ಅವತ್ತು ಆ ಹಿರಿಯರು ಕಲಿಸಿದ್ದನ್ನೂ ಆಮೇಲೆ ನಾನು ತಿಳಿದುಕೊಂಡದ್ದನ್ನೂ ಸೇರಿಸಿ ಇಲ್ಲಿ ಕೊಟ್ಟಿದ್ದೇನೆ.

1. ಗಾಳಿ ಹೇಗೆ ಹೋಯಿತೆಂದು ಮೊದಲು ಯೋಚಿಸಿ. ನಿಂತಲ್ಲೇ ನಿಧಾನವಾಗಿ ಇಳಿದಿದ್ದರೆ ಮತ್ತೆ ತುಂಬಿಸಿ ನೋಡಬಹುದು. ಗಾಳಿ ಇಲ್ಲದೆ ಸ್ವಲ್ಪ ದೂರ ಓಡಿಸಿದ್ದರೆ ತುಂಬಿಸಬೇಡಿ. ಟೈರಿನ ಪಕ್ಕದ ಗೋಡೆ ರಿಮ್ ಮತ್ತು ರಸ್ತೆಯ ನಡುವೆ ಸಿಕ್ಕಿ ಒಳಗಿನ ನಾರುಗಳು ಹರಿದಿರುತ್ತವೆ. ಹೊರಗೆ ಚೆನ್ನಾಗಿ ಕಂಡರೂ ಗಾಳಿ ತುಂಬುವಾಗಲೇ ಸಿಡಿಯಬಹುದು. ಅಂಥ ಟೈರನ್ನು ಕಳಚಿಸಿ ಒಳಗೆ ನೋಡಿಸಲೇಬೇಕು.

2. ಸಮತಟ್ಟು, ಗಟ್ಟಿ ನೆಲದಲ್ಲಿ ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಎಳೆದು, ಬೇರೆ ಚಕ್ರಗಳ ಹಿಂದೆ ಮುಂದೆ ಕಲ್ಲು ಕೊಡಿ. ನಮ್ಮ ಕಡೆಯ ಮಳೆಗಾಲದ ನೆಲದಲ್ಲಿ ಜಾಕ್ ಹೂತುಹೋಗುತ್ತದೆ. ಅಡಿಗೆ ಅಗಲವಾದ ಹಲಗೆ ಇಡಿ.

3. ಕಂಪ್ರೆಸರ್ ಬಳಸುವಾಗ ಬ್ಯಾಟರಿ ಇಳಿಯದಂತೆ ಇಂಜಿನ್ ಚಾಲೂ ಇರಬೇಕು. ಜಾಕ್ ಹಾಕುವ ಮೊದಲೇ ನ್ಯೂಟ್ರಲ್‌ನಲ್ಲಿ ಚಾಲೂ ಮಾಡಿಡಿ. ಜಾಕ್ ಮೇಲಿರುವಾಗ ಯಾರೂ ಕಾರಿನೊಳಗೆ ಹತ್ತಬಾರದು, ಕಾರಿನಡಿ ಕೈಕಾಲು ಹಾಕಬಾರದು. ಮುಚ್ಚಿದ ಶೆಡ್ಡಿನಲ್ಲಿ, ಕೊಟ್ಟಿಗೆಗೆ ತಾಗಿದ ಜಾಗದಲ್ಲಿ ಇಂಜಿನ್ ಓಡಿಸಬೇಡಿ. ಆ ಹೊಗೆ ಜನಕ್ಕೂ ದನಕ್ಕೂ ವಿಷ.

4. ಟೈರ್ ನೆಲ ಬಿಡುವಷ್ಟು ಮಾತ್ರ ಜಾಕ್ ಎತ್ತಿ. ಭಾರ ಇಳಿದ ಕೂಡಲೇ ಟೈರ್ ಮುಕ್ಕಾಲು ಪಾಲು ತನ್ನ ಆಕಾರಕ್ಕೆ ಬರುತ್ತದೆ. ರಿಮ್ಮಿನ ಅಂಚಿನ ಮಣ್ಣು, ಕೆಸರು ಒರೆಸಿ ಸೋಪಿನ ನೀರು ಹಚ್ಚಿ. ಅಂಚು ಜಾರಿ ಕೂರಲು ಅದು ಸಹಾಯ ಮಾಡುತ್ತದೆ; ಗಾಳಿ ಎಲ್ಲಿ ಸೋರುತ್ತಿದೆ ಎಂದು ಗುಳ್ಳೆ ತೋರಿಸುತ್ತದೆ.

5. ಈಗ ಗಾಳಿ ಹೊಡೆಯಿರಿ. ಆದರೂ ಅಂಚಿನಲ್ಲಿ ಸೋರಿದರೆ ಟೈರಿನ ನಡು ಮೈಗೆ ಸುತ್ತ ಗಟ್ಟಿ ಹಗ್ಗ ಕಟ್ಟಿ, ಒಂದು ಕೋಲು ತೂರಿಸಿ ತಿರುಚಿ ಬಿಗಿ ಮಾಡಿ. ನಡು ಒಳಗೆ ಹೋದಂತೆ ಎರಡೂ ಅಂಚು ಹೊರಗೆ ಚಾಚಿ ರಿಮ್ಮಿಗೆ ತಾಗುತ್ತವೆ. ಗಾಳಿ ಹಿಡಿದ ಕೂಡಲೇ ಹಗ್ಗ ಸಡಿಲಿಸಿ ತೆಗೆಯಿರಿ. ಇದಕ್ಕೂ ಬಗ್ಗದಿದ್ದರೆ ಪಂಕ್ಚರ್ ಅಂಗಡಿಯ ದೊಡ್ಡ ಕಂಪ್ರೆಸರ್ ಬೇಕೇ ಬೇಕು. ಪೆಟ್ರೋಲ್ ಹಾಕಿ ಬೆಂಕಿ ಹಚ್ಚಿ ಟೈರ್ ಕೂರಿಸುವ ವಿಡಿಯೋ ನೋಡಿ ಯಾರೂ ಪ್ರಯತ್ನಿಸಬೇಡಿ.

6. ಅಂಚು ಕೂತು ಟೈರ್ ದುಂಡಗಾದ ಮೇಲೆ ಜಾಕ್ ಇಳಿಸಿ, ಉಳಿದ ಗಾಳಿ ತುಂಬಿಸಿ. ಚಿಕ್ಕ ಕಾರುಗಳಿಗೆ ಸಾಮಾನ್ಯವಾಗಿ 30ರಿಂದ 35 ಪಿ.ಎಸ್.ಐ. ನಿಮ್ಮ ವಾಹನದ ಸರಿಯಾದ ಅಂಕಿ ಡ್ರೈವರ್ ಬಾಗಿಲು ತೆಗೆದರೆ ಕಾಣುವ ಸ್ಟಿಕ್ಕರ್‌ನಲ್ಲೋ ಕೈಪಿಡಿಯಲ್ಲೋ ಇರುತ್ತದೆ. ಟೈರಿನ ಮೇಲೆ ಅಚ್ಚಾಗಿರುವ ದೊಡ್ಡ ಅಂಕಿ ಟೈರ್ ತಡೆಯುವ ಗರಿಷ್ಠ ಮಿತಿ, ಅಷ್ಟು ತುಂಬಿಸುವುದಲ್ಲ.

7. ತುಂಬುವಾಗ ಟೈರಿನ ಪಕ್ಕದ ಗೋಡೆಗೆ ಮುಖ ಕೊಟ್ಟು ಕೂರಬೇಡಿ. ಮುಂದೆಯೋ ಹಿಂದೆಯೋ ಸರಿದು ನಿಲ್ಲಿ. ಗೋಡೆಯಲ್ಲಿ ಗುಳ್ಳೆ ಎದ್ದರೆ, ಪಟಪಟ ಸದ್ದು ಬಂದರೆ ತಕ್ಷಣ ನಿಲ್ಲಿಸಿ. ಚಿಕ್ಕ ಕಂಪ್ರೆಸರ್ ಬಿಸಿಯಾದರೆ ಸ್ವಲ್ಪ ಹೊತ್ತು ಆರಲು ಬಿಡಿ.

8. ಮೊಳೆ ಕಂಡರೆ ಕೀಳಬೇಡಿ. ಮೊಳೆಯೇ ಬಿರಡೆಯ ಕೆಲಸ ಮಾಡುತ್ತಿರುತ್ತದೆ. ಗಾಳಿ ತುಂಬಿಸಿ ನಿಧಾನವಾಗಿ ಪಂಕ್ಚರ್ ಅಂಗಡಿಗೆ ಹೋಗಿ.

ನನ್ನ ಟೈರಿನಲ್ಲೂ ಮೊಳೆ ಇತ್ತು. ಹತ್ತು ದಿನದಲ್ಲಿ ಇಳಿದ ಗಾಳಿ ಒಂದು ಗಂಟೆಯಲ್ಲಿ ಇಳಿಯುವುದಿಲ್ಲ ಎಂಬ ಲೆಕ್ಕದಲ್ಲಿ, ಐದು ನಿಮಿಷ ಕಾದು ಮತ್ತೆ ಅಳೆದು, ಅಂಕಿ ಇಳಿದಿಲ್ಲವೆಂದು ಖಾತ್ರಿ ಮಾಡಿಕೊಂಡು ಹೊರಟೆ. ಆಲ್ಕೊಳ ಸರ್ಕಲ್ ದಾಟಿ ಸಾಗರ ರಸ್ತೆ ಹಿಡಿಯುವಾಗ ನಲವತ್ತು ನಿಮಿಷ ತಡವಾಗಿತ್ತು.

ಟೈರಿಗೂ ಪಶುವೈದ್ಯರಿಗೂ ನಂಟು

ಗಾಳಿ ತುಂಬಿದ ಟೈರನ್ನು ಬಳಕೆಗೆ ತಂದವರು ನಮ್ಮ ವೃತ್ತಿಯವರೇ ಎಂಬುದು ನಿಮಗೆ ಗೊತ್ತೆ? ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಜಾನ್ ಬಾಯ್ಡ್ ಡನ್ಲಪ್ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದಲ್ಲಿ ಪಶುವೈದ್ಯರಾಗಿದ್ದರು. ಮಗನ ಮೂರು ಚಕ್ರದ ಸೈಕಲ್ ಕಲ್ಲು ರಸ್ತೆಯಲ್ಲಿ ಕುಲುಕುವುದನ್ನು ನೋಡಿ, 1887ರಲ್ಲಿ ಮರದ ಚಕ್ರಕ್ಕೆ ರಬ್ಬರ್ ಕೊಳವೆ ಸುತ್ತಿ ಗಾಳಿ ತುಂಬಿಸಿದರು. ಅಂಗಳದಲ್ಲಿ ಉರುಳಿಸಿದಾಗ ಹಳೆಯ ಚಕ್ರ ನಡುವೆಯೇ ನಿಂತಿತು, ಗಾಳಿಯ ಚಕ್ರ ಗೇಟಿಗೆ ಬಡಿಯುವವರೆಗೂ ಓಡಿತು. 1888ರಲ್ಲಿ ಪೇಟೆಂಟ್ ಪಡೆದರು. ಅದಕ್ಕೆ ನಲವತ್ತು ವರ್ಷ ಮೊದಲೇ ರಾಬರ್ಟ್ ಥಾಮ್ಸನ್ ಎಂಬವರು ಇದೇ ಕಲ್ಪನೆಗೆ ಪೇಟೆಂಟ್ ಪಡೆದಿದ್ದರೆಂದು ಆಮೇಲೆ ತಿಳಿದು ಡನ್ಲಪ್ ಅವರ ಪೇಟೆಂಟ್ ಬಿದ್ದುಹೋಯಿತು. ಆದರೆ ಟೈರ್ ಮಾತ್ರ ಜಗತ್ತಿನ ತುಂಬ ಓಡಿತು. ನಮ್ಮ ಹಳ್ಳಿಗಳ ಟೈರ್ ಗಾಡಿಗೂ ಮೂಲ ಅದೇ. ಕಬ್ಬಿಣದ ಪಟ್ಟಿಯ ಚಕ್ರಕ್ಕಿಂತ ಟೈರ್ ಗಾಡಿ ಎತ್ತಿಗೆ ಹಗುರ. ಆದರೆ ಗಾಳಿ ಕಡಿಮೆಯಾದರೆ ಆ ಭಾರವೆಲ್ಲ ಎತ್ತಿನ ಹೆಗಲಿಗೇ ಬೀಳುತ್ತದೆ. ಹೆಗಲು ಬಾವೆಂದು ನಮ್ಮನ್ನು ಕರೆಯುವ ಮೊದಲು ಗಾಡಿಯ ಟೈರನ್ನೂ ಒಮ್ಮೆ ಒತ್ತಿ ನೋಡಿ.

ಇನ್ನೊಂದು ಸಂಗತಿ. ಕ್ಯಾಲ್ಸಿಯಂ ಚಿಕಿತ್ಸೆ ಬರುವ ಮೊದಲು, ಇಪ್ಪತ್ತನೇ ಶತಮಾನದ ಆರಂಭದಲ್ಲಿ, ಯುರೋಪಿನ ಪಶುವೈದ್ಯರು ಹಾಲು ಜ್ವರಕ್ಕೆ ಹಸುವಿನ ಕೆಚ್ಚಲಿಗೇ ಪಂಪಿನಿಂದ ಗಾಳಿ ತುಂಬಿಸುತ್ತಿದ್ದರು! ಕೆಚ್ಚಲಿನಲ್ಲಿ ಒತ್ತಡ ಹೆಚ್ಚಿದಾಗ ಹಾಲು ಇಳಿಯುವುದು ನಿಂತು, ರಕ್ತದ ಕ್ಯಾಲ್ಸಿಯಂ ಸೋರಿಹೋಗುವುದೂ ನಿಲ್ಲುತ್ತಿತ್ತು. ಎಷ್ಟೋ ಹಸುಗಳು ಬದುಕಿದವು. ಎಷ್ಟೋ ಹಸುಗಳಿಗೆ ಆಮೇಲೆ ಕೆಚ್ಚಲು ಬಾವು ಬಂತು. ಇಂದು ಅದರ ಅಗತ್ಯವಿಲ್ಲ, ದಯವಿಟ್ಟು ಯಾರೂ ಪ್ರಯತ್ನಿಸಬೇಡಿ. ಹೊಸದಾಗಿ ಕರು ಹಾಕಿದ ಅಧಿಕ ಹಾಲಿನ ಹಸುವಿನ ಕೆಚ್ಚಲನ್ನು ಮೊದಲ ಒಂದೆರಡು ದಿನ ಪೂರ್ತಿ ಬರಿದು ಮಾಡಿ ಕರೆಯಬೇಡಿ ಎಂದು ನಾವು ಹೇಳುವುದರ ಹಿಂದೆ ಇರುವುದೂ ಅದೇ ತತ್ವ.

ಹಸು ಎದ್ದಿತು

ಹಳ್ಳಿ ತಲುಪಿದಾಗ ಹಸು ನಾನು ಹೇಳಿದಂತೆಯೇ ಗೋಣಿಚೀಲಗಳ ನಡುವೆ ಎದೆಯ ಮೇಲೆ ಕೂತಿತ್ತು. ಮನೆಯ ಮಗ ಅದರ ತಲೆ ಹಿಡಿದುಕೊಂಡಿದ್ದ. ಕ್ಯಾಲ್ಸಿಯಂ ಬಾಟಲಿಯನ್ನು ಉಗುರುಬೆಚ್ಚಗೆ ಮಾಡಿ, ಎದೆಬಡಿತ ಕೇಳುತ್ತಾ ನಿಧಾನವಾಗಿ ರಕ್ತನಾಳಕ್ಕೆ ಬಿಟ್ಟೆ. ಬಾಟಲಿ ಮುಗಿಯುವ ಹೊತ್ತಿಗೆ ಮೈ ನಡುಗಿತು, ತೇಗು ಬಂತು, ಸಗಣಿ ಹಾಕಿತು. ಇನ್ನೂ ಸ್ವಲ್ಪ ಹೊತ್ತಿಗೆ ಮುಂಗಾಲೂರಿ ಎದ್ದು ನಿಂತು ಕರುವನ್ನು ಮೂಸಿತು. ಆ ತಾಯಿ ನನಗೆ ಕಾಫಿ ಕೊಡುವಾಗ ಕೈ ನಡುಗುತ್ತಿತ್ತು. ತಡವೇಕಾಯಿತೆಂದು ಅವರು ಕೇಳಲಿಲ್ಲ. ನಾನೇ ಹೇಳಿದೆ.

ಅವತ್ತು ಹಸು ಉಳಿಯಿತು. ಉಳಿಯದಿದ್ದರೆ ವರದಿಯಲ್ಲಿ ಸಾವಿಗೆ ಕಾರಣ ಹಾಲು ಜ್ವರ ಎಂದು ಬರೆಯುತ್ತಿದ್ದೆ. ಸ್ಟೆಪ್ನಿಯಲ್ಲಿ ಗಾಳಿ ಇರಲಿಲ್ಲ ಎಂದು ಬರೆಯಲು ಆ ನಮೂನೆಯಲ್ಲಿ ಜಾಗವೇ ಇಲ್ಲ.

ನಿಮ್ಮಲ್ಲಿ ಕೋರಿಕೆ

ನಿಮ್ಮಲ್ಲಿ ಅನೇಕರು ಹಾಲನ್ನು ಸಂಘಕ್ಕೆ ತರುವುದು ಬೈಕಿನಲ್ಲಿ, ಓಮ್ನಿಯಲ್ಲಿ, ಪಿಕಪ್‌ನಲ್ಲಿ. ಕರೆದ ಹಾಲು ತಣ್ಣಗಾಗುವುದು ತಡವಾದಷ್ಟೂ ಅದರಲ್ಲಿ ಸೂಕ್ಷ್ಮಾಣುಗಳು ಬೆಳೆಯುತ್ತವೆ. ದಾರಿಯಲ್ಲಿ ಕಳೆದ ಒಂದು ಗಂಟೆ ಕ್ಯಾನಿನಲ್ಲಿ ಕಾಣುತ್ತದೆ. ಹೆರಿಗೆಗೆ, ಆಸ್ಪತ್ರೆಗೆ ಹೊರಡುವುದೂ ಅದೇ ವಾಹನದಲ್ಲಿ. ಆದ್ದರಿಂದ:

ಹದಿನೈದು ದಿನಕ್ಕೊಮ್ಮೆ, ವಾಹನ ಓಡಿಸುವ ಮೊದಲು ಟೈರ್ ತಣ್ಣಗಿರುವಾಗ ಗಾಳಿ ಅಳೆಸಿ. ಬಂಕಿಗೆ ಹೋದಾಗ ಸ್ಟೆಪ್ನಿಯನ್ನೂ ಅಳೆಯಲು ಹೇಳಿ. ವಾಲ್ವಿನ ಮುಚ್ಚಳ ಬಿದ್ದಿದ್ದರೆ ಹೊಸದು ಹಾಕಿಸಿ. ಜಾಕ್, ಸ್ಪ್ಯಾನರ್, ಒಂದು ಹಲಗೆ ತುಂಡು, ಟಾರ್ಚ್ ವಾಹನದಲ್ಲೇ ಇರಲಿ. ಕಂಪ್ರೆಸರ್ ಇದ್ದರೆ ಬಿಡುವಿನ ದಿನ ಒಮ್ಮೆ ಬಳಸಿ ಕಲಿಯಿರಿ. ನನ್ನ ಹಾಗೆ ಕತ್ತಲೆಯಲ್ಲಿ, ಮಳೆಯಲ್ಲಿ ಕಲಿಯಬೇಡಿ.

ಕರು ಹಾಕಲು ದಿನ ಹತ್ತಿರವಾದ ಹಸು ಮನೆಯಲ್ಲಿದ್ದರೆ ಈ ಕೆಲಸವನ್ನು ಇವತ್ತೇ ಮಾಡಿ. ನಾನಂತೂ ಈಗ ತಿಂಗಳಿಗೆರಡು ಸಲ ಡಿಕ್ಕಿ ತೆಗೆದು ಸ್ಟೆಪ್ನಿ ಒತ್ತಿ ನೋಡುತ್ತೇನೆ.