ಸಮಾಂತರದ್ವಾರವೂ ದ್ವಿತಂತು ವಾಹಿನಿಯೂ

ಮೈಸೂರು ನಗರದ ಲಷ್ಕರ್ ಮೊಹಲ್ಲಾ ಎಂಬ ಹೆಸರಿನಲ್ಲಿ ಪೂರ್ವಪದವು ಪಾರಸೀಕ. ಸೈನ್ಯವೆಂದು ಅದರ ಅರ್ಥ. ಸೈನ್ಯವು ರಾಜಮಾರ್ಗದಲ್ಲಿ ಎಂಟೆಂಟು ಮಂದಿಯ ಸಾಲುಗಳಾಗಿ ನಡೆಯಬಲ್ಲದು. ಓಣಿಯನ್ನು ಹೊಕ್ಕರೆ ಒಬ್ಬನ ಹಿಂದೊಬ್ಬನಾಗಿಯೇ ಸಾಗಬೇಕು. ಗಣಕಯಂತ್ರದಲ್ಲಿ ಸಮಾಂತರ, ಅನುಕ್ರಮ ಎಂಬ ಎರಡು ಸಂಚಾರರೀತಿಗಳ ಭೇದವೂ ಇಷ್ಟೇ. ಇವೆರಡರ ಸಂಧಿಯಲ್ಲಿ ನಿಲ್ಲುವ ಚಿಪ್ಪಿನ ಕಾರ್ಯವನ್ನು ಛಂದಶ್ಶಾಸ್ತ್ರವನ್ನು ಬಲ್ಲವರು ಸುಲಭವಾಗಿ ಗ್ರಹಿಸಬಹುದು.

ಎಂಟು ‘ಬಿಟ್’ಗಳ ಸಮುದಾಯವೇ ‘ಬೈಟ್’. ಒಂದೊಂದು ಬಿಟ್ಟಿಗೂ ಲಘುಗುರುಗಳಂತೆ ಎರಡೇ ರೂಪ: ಸೊನ್ನೆ, ಒಂದು. ಅನುಷ್ಟುಪ್ಪಿನ ಅಷ್ಟಾಕ್ಷರಪಾದಕ್ಕೆ ಪ್ರಸ್ತಾರದಲ್ಲಿ ೨೫೬ ಭೇದಗಳು ದೊರೆಯುವಂತೆಯೇ ಬೈಟಿಗೂ ೨೫೬. ೧೯೮೧ರಲ್ಲಿ ಹೊರಬಂದ ಐಬಿಎಂ ಪರ್ಸನಲ್ ಕಂಪ್ಯೂಟರಿಗೆ ಮುದ್ರಕಕ್ಕಾಗಿ ಒದಗಿಸಿದ ಸಮಾಂತರದ್ವಾರದಲ್ಲಿ ಈ ಎಂಟಕ್ಷರಗಳೂ ಎಂಟು ತಂತಿಗಳಲ್ಲಿ ಏಕಕಾಲಕ್ಕೆ ಹೊರಡುವುವು. ಆಜ್ಞೆಗೆ ನಾಲ್ಕು, ಮುದ್ರಕದ ಸ್ಥಿತಿಯನ್ನು ತಿಳಿಸಲು ಐದು ತಂತಿಗಳು ಬೇರೆ ಉಂಟು. ೧೯೮೨ರಲ್ಲಿ ಫಿಲಿಪ್ಸ್ ಸಂಸ್ಥೆಯು ರೂಪಿಸಿದ ‘ಐ ಸ್ಕ್ವೇರ್ ಸಿ’ ವಾಹಿನಿಗಾದರೋ ಎರಡೇ ತಂತಿ. ಒಂದು ಅಕ್ಷರಕ್ಕೆ, ಮತ್ತೊಂದು ತಾಳಕ್ಕೆ. ಉಷ್ಣಮಾಪಕ, ಗಡಿಯಾರ, ಸ್ಮೃತಿಕೋಶ ಮೊದಲಾದ ಅನೇಕ ಚಿಪ್ಪುಗಳು ಆ ಎರಡನ್ನೇ ಆಶ್ರಯಿಸಿರುತ್ತವೆ.

ಇಲ್ಲಿಯ ನಿಯಮಗಳು ಬಹು ಕಟ್ಟುನಿಟ್ಟಾದುವು. ತಾಳದ ತಂತಿಯ ವಿದ್ಯುತ್ತು ಉಚ್ಚಸ್ಥಿತಿಯಲ್ಲಿರುವಾಗ ಅಕ್ಷರದ ತಂತಿ ಕದಲಕೂಡದು. ಕದಲಿದರೆ ಅದು ಅಕ್ಷರವಲ್ಲ, ಸಂಜ್ಞೆ. ಇಳಿದರೆ ಆರಂಭ, ಏರಿದರೆ ಸಮಾಪ್ತಿ. ಆರಂಭದ ಬಳಿಕ ಏಳು ಬಿಟ್ಟುಗಳಲ್ಲಿ ಕರೆಯಲ್ಪಡುವ ಚಿಪ್ಪಿನ ಸಂಖ್ಯೆ. ಎಂಟನೆಯದರಲ್ಲಿ ಕೊಡುವುದೋ ಕೊಳ್ಳುವುದೋ ಎಂಬ ನಿರ್ದೇಶ. ಒಂಬತ್ತನೆಯ ತಾಳಕ್ಕೆ ಆ ಚಿಪ್ಪು ತಂತಿಯನ್ನು ಕೆಳಗೆಳೆದು ಓಗೊಡಬೇಕು. ವಾಹಿನಿಯಲ್ಲಿ ಯಾರೂ ತಂತಿಯನ್ನು ಮೇಲಕ್ಕೆ ನೂಕುವುದಿಲ್ಲ. ಎಲ್ಲರೂ ಬಿಟ್ಟಾಗ ರೋಧಕವೊಂದು ಅದನ್ನು ಮೇಲೆತ್ತುತ್ತದೆ. ಸಮಾಂತರದ್ವಾರದ ಎಂಟು ತಂತಿಗಳ ಸ್ವಭಾವ ಹೀಗಲ್ಲ, ಮೇಲಕ್ಕೂ ತಾವೇ ನೂಕುವಂಥವು. ಆದುದರಿಂದ ಅವನ್ನು ನೇರವಾಗಿ ಜೋಡಿಸಿದರೆ ಒಬ್ಬರ ನೂಕಿಗೂ ಮತ್ತೊಬ್ಬರ ಎಳೆತಕ್ಕೂ ಕಲಹ ಬೀಳುತ್ತದೆ.

ಪರಿಹಾರಮಾರ್ಗಗಳು ಎರಡು. ಕೆಳಗೆ ಮಾತ್ರ ಎಳೆಯಬಲ್ಲ ಸಣ್ಣ ದ್ವಾರಚಿಪ್ಪೊಂದನ್ನು ನಡುವೆ ಇಟ್ಟು, ತಾಳವನ್ನೂ ಅಕ್ಷರವನ್ನೂ ಗಣಕದ ಪ್ರೋಗ್ರಾಮಿನಿಂದಲೇ ನಡೆಸುವುದು ಮೊದಲನೆಯದು. ಲಿನಕ್ಸಿನಲ್ಲಿ ಇದಕ್ಕೆ ಏರ್ಪಾಡುಂಟು. ಅಗ್ಗವೇನೋ ಹೌದು, ಆದರೆ ಶ್ಲೋಕ ಹೇಳುವವನೇ ತಾಳವನ್ನೂ ಹಾಕಿ ಮಾತ್ರೆಯನ್ನೂ ಎಣಿಸಿದಂತೆ, ಗಣಕದ ಗಮನವೆಲ್ಲ ಅಲ್ಲಿಯೇ ವ್ಯಯವಾಗುತ್ತದೆ. ಎರಡನೆಯದು ಫಿಲಿಪ್ಸಿನ ಪಿಸಿಎಫ್ ೮೫೮೪ರಂಥ ದುಭಾಷಿಯನ್ನು ನಿಯಮಿಸುವುದು. ಎಂಟು ತಂತಿಗಳಿಂದ ಪಾದವನ್ನು ಒಮ್ಮೆಗೇ ಕೈಕೊಂಡು, ಅಕ್ಷರಶಃ ಪಠಿಸಿ, ಓಗೊಟ್ಟುದನ್ನು ಕೇಳಿ ಗಣಕಕ್ಕೆ ವರದಿಮಾಡುವುದು ಅದರ ಕೆಲಸ. ಸೆಕೆಂಡಿಗೆ ಸುಮಾರು ೯೦,೦೦೦ ತಾಳದ ವೇಗ ಅದಕ್ಕೆ ಸಾಧ್ಯ. ಇದನ್ನು ಪಿಸಿಎಫ್ ೮೫೭೪ರೊಡನೆ ಬೆರಸಬಾರದು. ಒಂದಂಕಿಯ ಪಾಠಭೇದದಂತೆ ಕಂಡರೂ ಎರಡನೆಯದು ವಿಪರೀತಕಾರಿ: ಎರಡು ತಂತಿಗಳಿಂದ ಬಂದುದನ್ನು ಎಂಟು ತಂತಿಗಳಿಗೆ ಹರಡುತ್ತದೆ. ಸಂಖ್ಯೆಯನ್ನು ಆರಿಸಲು ಅದಕ್ಕೆ ಮೂರು ಕಡ್ಡಿಗಳಿರುವುದರಿಂದ ಒಂದೇ ವಾಹಿನಿಯಲ್ಲಿ ಅಂಥವು ಎಂಟು ಇರಬಹುದು.

ಹೊಸ ಗಣಕಗಳಲ್ಲಿ ಸಮಾಂತರದ್ವಾರ ಅಪರೂಪ. ಆದರೆ ಹಳೆಯ ಮಾಪನಯಂತ್ರದ ತಿದ್ದುಪಡಿಯ ಅಂಕೆಗಳು ಸ್ಮೃತಿಕೋಶದಲ್ಲಿದ್ದು, ಅವನ್ನೋದುವ ಪ್ರೋಗ್ರಾಮು ಆ ದ್ವಾರವನ್ನೇ ಬಯಸಿದರೆ, ಈ ವ್ಯಾಕರಣವನ್ನು ಬಲ್ಲವರಿಲ್ಲದೆ ಯಂತ್ರವೇ ನಿರುಪಯೋಗಿ. ಓದುವ ನಡುವೆ ಗಣಕ ನಿಂತುಹೋದರೆ ಸ್ಮೃತಿಕೋಶವು ಅರ್ಧೋಕ್ತಿಯಲ್ಲಿ ಸೊನ್ನೆಯನ್ನು ಹಿಡಿದು ಉಳಿಯಬಹುದು. ಆಗ ಯಾರೂ ಆರಂಭಸಂಜ್ಞೆಯನ್ನು ಕೊಡಲಾರರು. ಕೋಶವನ್ನು ಕಿತ್ತೊಗೆಯುವ ಆತುರ ಬೇಡ. ಅಕ್ಷರದ ತಂತಿಯನ್ನು ಬಿಟ್ಟು, ತಾಳವನ್ನು ಮಾತ್ರ ಒಂಬತ್ತು ಬಾರಿ ಹಾಕಿದರೆ ಅದು ಉಳಿದ ಅಕ್ಷರಗಳನ್ನು ಮುಗಿಸಿ ತಂತಿಯನ್ನು ಬಿಡುತ್ತದೆ. ಅನಂತರ ಸಮಾಪ್ತಿಸಂಜ್ಞೆಯನ್ನು ಕೊಟ್ಟು ಮೊದಲಿನಿಂದ ಓದಿಸಬಹುದು.