ಕಲ್ಲಚ್ಚಿನ ಕಾಲದ ಪೋಸ್ಟರ್, ಕಂಪ್ಯೂಟರಿನ ಮೇಲೆ

ಕಾಲೇಜಿನ ನಾಟಕ ತಂಡವೊಂದು ಕುವೆಂಪು ಅವರ ‘ರಕ್ತಾಕ್ಷಿ’ಯನ್ನು ಆಡಲು ಹೊರಟಿದೆ ಎಂದಿಟ್ಟುಕೊಳ್ಳಿ. ಹುಡುಗರಿಗೆ ಹಳೆಯ ಕಂಪನಿ ನಾಟಕದ ಕಾಲದಂಥ ಪೋಸ್ಟರೇ ಬೇಕು. ಕೈಯಲ್ಲಿರುವುದು ತರಗತಿಯವರೆಲ್ಲ ಸೇರಿ ಹಾಕಿದ ಚಂದಾ ಹಣ. ರಾತ್ರಿ ನಿದ್ದೆಗೆಟ್ಟು ತಯಾರಿಸಿದ ಪೋಸ್ಟರ್ ಪರದೆಯ ಮೇಲೆ ಬೆಂಕಿಯಂತೆ ಹೊಳೆಯುತ್ತದೆ. ಮರುದಿನ ಅಂಗಡಿಯಿಂದ ಐವತ್ತು ಪ್ರತಿಗಳು ಬರುತ್ತವೆ. ಕೆಂಪು ಇಟ್ಟಿಗೆಯ ಬಣ್ಣಕ್ಕೆ ಇಳಿದಿದೆ, ಪಾತ್ರಧಾರಿಯ ಮುಖ ಮಸುಕಾಗಿದೆ, ಶೀರ್ಷಿಕೆಯಂತೂ ಒತ್ತಕ್ಷರ ಕಳಚಿಕೊಂಡು ‘ರಕ್‌ತಾಕ್‌ಷಿ’ಯಾಗಿ ನಿಂತಿದೆ! ಚಂದಾ ಹಣವೆಲ್ಲ ಖರ್ಚಾಗಿದೆ.

ಇಂಥ ಪ್ರಸಂಗ ಅಪರೂಪವೇನಲ್ಲ. ಕಂಪ್ಯೂಟರ್ ಬಲ್ಲವರಿಗೆ ಅಚ್ಚಿನ ಮನೆಯ ರೀತಿನೀತಿ ಗೊತ್ತಿರುವುದಿಲ್ಲ, ಅಷ್ಟೆ. ಹಳೆಯ ಪೋಸ್ಟರ್ ಹಳೆಯದರಂತೆ ಏಕೆ ಕಾಣುತ್ತದೆ ಎಂಬುದನ್ನು ತಿಳಿದರೆ ಅರ್ಧ ಕೆಲಸ ಮುಗಿದಂತೆ.

ಜರ್ಮನಿಯ ಅಲೋಯಿಸ್ ಸೆನೆಫೆಲ್ಡರ್ 1796ರ ಸುಮಾರಿಗೆ ಕಲ್ಲಚ್ಚನ್ನು ಕಂಡುಹಿಡಿದ. ಎಣ್ಣೆ ಮತ್ತು ನೀರು ಕೂಡುವುದಿಲ್ಲ ಎಂಬ ಅಡುಗೆಮನೆಯ ಸತ್ಯವೇ ಇದರ ಆಧಾರ. ನಯವಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಬಳಪದಿಂದ ಚಿತ್ರ ಬರೆದು ಕಲ್ಲನ್ನು ಒದ್ದೆ ಮಾಡಿದರೆ, ಮಸಿ ಜಿಡ್ಡಿದ್ದಲ್ಲಿ ಮಾತ್ರ ಹತ್ತುತ್ತದೆ. ಒಂದು ಬಣ್ಣಕ್ಕೆ ಒಂದು ಕಲ್ಲು. ಹತ್ತು ಬಣ್ಣ ಬೇಕೆಂದರೆ ಹತ್ತು ಕಲ್ಲು, ಹತ್ತು ಸಲ ಅಚ್ಚು. ಪ್ಯಾರಿಸ್ಸಿನಲ್ಲಿ ತೂಲೂಸ್-ಲೊತ್ರೆಕ್ 1891ರಲ್ಲಿ ಮೂಲಾಂ ರೂಜ್ ನೃತ್ಯಶಾಲೆಗೆಂದು ಮಾಡಿದ ಪ್ರಸಿದ್ಧ ಪೋಸ್ಟರಿಗೆ ಬಳಕೆಯಾದದ್ದು ನಾಲ್ಕೇ ಬಣ್ಣ. ನಮ್ಮಲ್ಲಿ ರಾಜಾ ರವಿವರ್ಮ 1894ರಲ್ಲಿ ಮುಂಬಯಿಯ ಘಾಟ್ಕೋಪರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದ. ಅರಮನೆಗಳ ಗೋಡೆಯ ಮೇಲಿದ್ದ ಲಕ್ಷ್ಮಿ ಸರಸ್ವತಿಯರು ಬಡವರ ದೇವರ ಮನೆಗೂ ಬಂದದ್ದು ಆ ಕಲ್ಲುಗಳಿಂದ. ಆತನ ಮೂಲ ವರ್ಣಚಿತ್ರಗಳನ್ನು ನೋಡಬೇಕೆನ್ನುವವರು ಮೈಸೂರಿನ ಜಗನ್ಮೋಹನ ಅರಮನೆಗೆ ಹೋಗಬಹುದು.

ಬಣ್ಣಕ್ಕೊಂದು ಕಲ್ಲು ಎಂದ ಮೇಲೆ ಬಣ್ಣ ಹೆಚ್ಚಿದಷ್ಟೂ ಖರ್ಚು. ಹಾಗಾಗಿ ಕಲಾವಿದ ಎರಡು ಮೂರು ಬಣ್ಣದಲ್ಲೇ ಪವಾಡ ಮಾಡುತ್ತಿದ್ದ. ಹಳದಿಯ ಮೇಲೆ ನೀಲಿ ಒತ್ತಿ ಬಿಟ್ಟಿಯಾಗಿ ಹಸಿರು ಪಡೆಯುತ್ತಿದ್ದ. ಕಾಗದ ಕೂದಲೆಳೆಯಷ್ಟು ಜರುಗಿದರೂ ಕೆಂಪು ತುಟಿಯಿಂದ ಆಚೆ ಚಾಚುತ್ತಿತ್ತು. ನಾವು ಇಂದು ‘ಹಳೆಯ ಸೊಗಸು’ ಎನ್ನುವುದು ಈ ಬಡತನ ಮತ್ತು ಈ ಸಣ್ಣ ತಪ್ಪುಗಳನ್ನೇ.

ಇದನ್ನು ಅರಿಯದವರು ಮೊದಲು ಮಾಡುವ ಕೆಲಸವೆಂದರೆ, ಹೊಸ ಫೋಟೋವೊಂದಕ್ಕೆ ಸುಕ್ಕು, ಹರಕು, ಕಾಫಿ ಕಲೆ ಬರಿಸುವುದು. ಆ ಪೋಸ್ಟರುಗಳು ಗೋಡೆಗೆ ಏರಿದ ದಿನ ಹೊಚ್ಚ ಹೊಸದಾಗಿದ್ದವು ಸ್ವಾಮಿ! ಅಗ್ಗದ ಕಾಗದದಲ್ಲಿರುವ ಲಿಗ್ನಿನ್ ಎಂಬ ಮರದ ಅಂಶ ಗಾಳಿ ಬೆಳಕಿಗೆ ಹಳದಿಯಾಗುವುದು ಆಮೇಲಿನ ಮಾತು. ಮೂರು ಬಣ್ಣಕ್ಕೆ ಕಟ್ಟುಬಿದ್ದರೆ ಸಾಕು, ಸುಕ್ಕಿನ ಹಂಗಿಲ್ಲದೆ ಪೋಸ್ಟರ್ ಎಪ್ಪತ್ತು ವರ್ಷ ಹಿಂದಕ್ಕೆ ಹೋಗುತ್ತದೆ.

ತಂತ್ರಾಂಶ ಯಾವುದು? ಫೋಟೋಶಾಪ್ 1990ರಿಂದ ಇದೆ, ಆದರೆ ಹಣ ಕೊಡಬೇಕು. ಮಕ್ಕಳು ಕಳ್ಳಪ್ರತಿಯ ಬೆನ್ನು ಹತ್ತುವುದಕ್ಕೆ ಮುಂಚೆ ತಂದೆತಾಯಿಗಳು ‘ಗಿಂಪ್’ ಹೆಸರನ್ನು ಅವರ ಕಿವಿಗೆ ಹಾಕುವುದು ಒಳ್ಳೆಯದು. ಅಮೆರಿಕದ ಬರ್ಕಲಿಯಲ್ಲಿ ಓದುತ್ತಿದ್ದ ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್ ಎಂಬಿಬ್ಬರು ವಿದ್ಯಾರ್ಥಿಗಳು 1995ರಲ್ಲಿ ಆರಂಭಿಸಿದ ಕೆಲಸವಿದು. ಪೂರ್ತಿ ಉಚಿತ, ಕಾನೂನಿಗೂ ಸಮ್ಮತ. ಇನ್ನೊಂದು ಲಾಭವೂ ಉಂಟು. ಯೂನಿಕೋಡ್ ಕನ್ನಡವನ್ನು ಗಿಂಪ್ ಒತ್ತಕ್ಷರ ಸಹಿತ ಸರಿಯಾಗಿ ಜೋಡಿಸುತ್ತದೆ. ಫೋಟೋಶಾಪಿನ ಹಲವು ಆವೃತ್ತಿಗಳಲ್ಲಿ ಅಕ್ಷರಗಳ ಆಯ್ಕೆಗೆ ಹೋಗಿ ದಕ್ಷಿಣ ಏಷ್ಯಾದ ಭಾಷೆಗಳ ಸೌಲಭ್ಯವನ್ನು ನಾವೇ ಚಾಲೂ ಮಾಡಬೇಕು. ಅದನ್ನು ಮರೆತರೆ ‘ರಕ್‌ತಾಕ್‌ಷಿ’ ಗತಿಯೇ. ಶೀರ್ಷಿಕೆಗೆ ‘ಬಾಲೂ ತಮ್ಮ’ದಂಥ ದಪ್ಪ ಉಚಿತ ಫಾಂಟುಗಳಿವೆ. ಆದರೆ ನಿಜವಾದ ಹಳೆಯ ಕಳೆ ಬೇಕಿದ್ದರೆ, ಕೈಬರಹ ಚೆನ್ನಾಗಿರುವ ಗೆಳೆಯನಿಂದ ಬ್ರಶ್ಶಿನಲ್ಲಿ ಬರೆಸಿ ಸ್ಕ್ಯಾನ್ ಮಾಡುವುದೇ ಮೇಲು. ಅಂದಿನ ಪೋಸ್ಟರುಗಳ ಅಕ್ಷರವನ್ನೂ ಕಲಾವಿದರು ಕೈಯಲ್ಲೇ ಬರೆಯುತ್ತಿದ್ದರು.

ಇನ್ನು ಅಳತೆ. ಕೆಲಸ ಶುರುಮಾಡುವ ಮುನ್ನವೇ ಇದು ನಿಶ್ಚಯವಾಗಬೇಕು. ಅಚ್ಚಿಗೆ ಅಂಗುಲಕ್ಕೆ 300 ಚುಕ್ಕೆ, ಅಂದರೆ ಪಿಕ್ಸೆಲ್, ಇರಬೇಕು. ಎ3 ಹಾಳೆಗೆ ಲೆಕ್ಕ ಹಾಕಿದರೆ 3508 ಅಗಲ, 4961 ಎತ್ತರ. ಅಂತರ್ಜಾಲದಿಂದ ಇಳಿಸಿದ 800 ಪಿಕ್ಸೆಲ್ ಅಗಲದ ಚಿತ್ರ ಈ ಲೆಕ್ಕದಲ್ಲಿ ಮೂರಂಗುಲವೂ ತುಂಬುವುದಿಲ್ಲ. ಅದನ್ನು ಎಳೆದು ಹಿಗ್ಗಿಸಿದ್ದರಿಂದಲೇ ಮುಖ ಮಸುಕಾದದ್ದು. ಪಾತ್ರಧಾರಿಯನ್ನೇ ಕಿಟಕಿಯ ಪಕ್ಕ ನಿಲ್ಲಿಸಿ ಫೋಟೋ ತೆಗೆದರೆ ಆ ತಾಪತ್ರಯವಿಲ್ಲ, ಕೃತಿಸ್ವಾಮ್ಯದ ಭಯವೂ ಇಲ್ಲ. ನಮ್ಮ ಕಾಯ್ದೆಯಂತೆ ಚಿತ್ರ ಬರೆದ ಕಲಾವಿದ ಗತಿಸಿದ ಮೇಲೂ 60 ವರ್ಷ ಹಕ್ಕು ಉಳಿದಿರುತ್ತದೆ. 1906ರಲ್ಲಿ ತೀರಿಕೊಂಡ ರವಿವರ್ಮನ ಚಿತ್ರಗಳು ಎಲ್ಲರ ಸೊತ್ತು. ನಿನ್ನೆ ಮೊನ್ನೆಯ ಸಿನಿಮಾ ಪೋಸ್ಟರು ಹಾಗಲ್ಲ.

ಫೋಟೋ ಸಿಕ್ಕಿತೆನ್ನಿ. ಅದನ್ನು ಮೊದಲು ಕಪ್ಪು ಬಿಳುಪಿಗೆ ಇಳಿಸಿ, ‘ಪೋಸ್ಟರೈಸ್’ ಆಯ್ಕೆಯಿಂದ ಮೂರು ಛಾಯೆಗಳಿಗೆ ಕತ್ತರಿಸಬೇಕು: ಬೆಳಕು, ನಡುಛಾಯೆ, ಕತ್ತಲು. ಬೆಳಕಿನ ಭಾಗವನ್ನು ಖಾಲಿ ಬಿಡಿ, ಅಲ್ಲಿ ಕಾಗದವೇ ಬಣ್ಣ. ನಡುಛಾಯೆ ಕೆಂಪಿಗೆ, ಕತ್ತಲು ಕಪ್ಪಿಗೆ. ಒಂದೊಂದಕ್ಕೂ ಒಂದೊಂದು ಪದರ ಮಾಡಿ. ಈ ಪದರಗಳೇ ನಮ್ಮ ಕಲ್ಲುಗಳು. ಮೇಲಿನ ಪದರವನ್ನು ‘ಮಲ್ಟಿಪ್ಲೈ’ ಎಂಬ ವಿಧಾನಕ್ಕೆ ಇಡುವುದನ್ನು ಮರೆಯಬಾರದು. ಆಗ ಮೇಲಿನ ಬಣ್ಣ ಕೆಳಗಿನದನ್ನು ಮುಚ್ಚಿಹಾಕದೆ ಮಸಿಯಂತೆ ಅದರೊಡನೆ ಬೆರೆಯುತ್ತದೆ. ಕೊನೆಗೆ ಕೆಂಪು ಪದರವನ್ನು ಆರು ಪಿಕ್ಸೆಲ್ ಪಕ್ಕಕ್ಕೆ ಸರಿಸಿ ನೋಡಿ. 300ರ ಲೆಕ್ಕದಲ್ಲಿ ಅದು ಅರ್ಧ ಮಿಲಿಮೀಟರ್. ಅಷ್ಟರಿಂದಲೇ ಚಿತ್ರಕ್ಕೆ ಜೀವ ಬರುತ್ತದೆ. ಹನ್ನೆರಡು ಸರಿಸಿದರೆ ಅದು ತಪ್ಪಾಗಿಯೇ ಕಾಣುತ್ತದೆ.

ಹಳೆಯ ಪತ್ರಿಕೆಗಳ ಚುಕ್ಕೆಚಿತ್ರದ ಆಸೆಯಿದ್ದವರಿಗೆ ಗಿಂಪಿನಲ್ಲಿ ‘ನ್ಯೂಸ್‌ಪ್ರಿಂಟ್’ ಎಂಬ ಫಿಲ್ಟರ್ ಇದೆ. ಒಂದು ಎಚ್ಚರಿಕೆ: ಮುದ್ರಣ ಯಂತ್ರವೂ ತನ್ನದೇ ಸಣ್ಣ ಚುಕ್ಕೆಗಳಿಂದ ಬಣ್ಣ ಕಟ್ಟುತ್ತದೆ. ನಮ್ಮ ಚುಕ್ಕೆಯೂ ಅಷ್ಟೇ ಸಣ್ಣದಾದರೆ ಎರಡೂ ತಿಕ್ಕಾಡಿ ಅಲೆ ಅಲೆಯಾದ ಕಲೆ ಮೂಡುತ್ತದೆ. ಆದ್ದರಿಂದ ಚುಕ್ಕೆ ಕಣ್ಣಿಗೆ ಕಾಣುವಷ್ಟು ದೊಡ್ಡದಿರಲಿ.

ಬಣ್ಣ ಮಂಕಾದದ್ದೇಕೆ? ಪರದೆ ಬೆಳಕನ್ನೇ ಸೂಸುತ್ತದೆ; ಕೆಂಪು, ಹಸಿರು, ನೀಲಿ ಬೆಳಕು ಕೂಡಿ ಅದರ ಬಣ್ಣ. ಕಾಗದ ತಾನಾಗಿ ಬೆಳಗುವುದಿಲ್ಲ. ಅದರ ಮೇಲೆ ಕೆಲಸ ಮಾಡುವುದು ಆಕಾಶನೀಲಿ, ಮಜೆಂಟ, ಹಳದಿ, ಕಪ್ಪು ಎಂಬ ನಾಲ್ಕು ಮಸಿಗಳು. ಪರದೆಯ ಕಡು ಹಸಿರು, ಕಡು ಕೇಸರಿಗಳನ್ನು ಈ ನಾಲ್ಕರಿಂದ ತೆಗೆಯಲಾಗದು. ಮೊದಲಿಗೇ ಮಣ್ಣು, ಕುಂಕುಮ, ಅರಿಸಿನದಂಥ ಬಣ್ಣಗಳನ್ನು ಆರಿಸಿಕೊಂಡರೆ ನಿರಾಸೆ ಕಡಿಮೆ. ಅಚ್ಚಿನ ಬಣ್ಣ ಹೇಗೆ ಬಂದೀತೆಂದು ಪರದೆಯಲ್ಲೇ ತೋರಿಸುವ ‘ಸಾಫ್ಟ್ ಪ್ರೂಫ್’ ಸೌಲಭ್ಯವೂ ಇದೆ. ಅದಕ್ಕಿಂತ ನಂಬಿಕೆಯದು ಅಂಗಡಿಯಲ್ಲಿ ತೆಗೆಸಿದ ಒಂದೇ ಒಂದು ಪ್ರತಿ. ಒಂದು ಹಾಳೆಯ ಖರ್ಚು ಐವತ್ತು ಹಾಳೆಯನ್ನು ಉಳಿಸುತ್ತದೆ.

ಅಂಗಡಿಗೆ ಕೊಡುವಾಗ ಪಿಡಿಎಫ್ ಅಥವಾ ಟಿಫ್ ಕಡತವನ್ನೇ ಕೊಡಿ. ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಿದರೆ ಅದು ಚಿತ್ರವನ್ನು ಹಿಂಡಿ ಕುಗ್ಗಿಸುತ್ತದೆ; ಡಾಕ್ಯುಮೆಂಟ್ ಆಗಿ ಕಳಿಸಬೇಕು. ಅಂಚಿನವರೆಗೂ ಬಣ್ಣವಿದ್ದರೆ ಸುತ್ತ ಮೂರು ಮಿಲಿಮೀಟರ್ ಹೆಚ್ಚು ಬಿಡಿ, ಕತ್ತರಿಸುವವನ ಕೈ ಚೂರು ಜಾರಿದರೂ ಬಿಳಿ ಗೆರೆ ಉಳಿಯದು. ಹಿನ್ನೆಲೆಗೆ ಹಳದಿ ಹಚ್ಚುವ ಬದಲು ಕೆನೆ ಬಣ್ಣದ ಕಾಗದವನ್ನೇ ತರಿಸಿದರೆ ಈ ರಗಳೆಯೇ ಇಲ್ಲ. ಆದರೆ ಸಾಮಾನ್ಯ ಯಂತ್ರದಲ್ಲಿ ಬಿಳಿ ಮಸಿ ಇರುವುದಿಲ್ಲವಾದ್ದರಿಂದ ಚಿತ್ರದಲ್ಲಿ ಬಿಳಿಯಿರುವಲ್ಲೆಲ್ಲ ಕೆನೆಯೇ ಕಾಣುತ್ತದೆ.

ಎರಡೇ ಬಣ್ಣದ ಪೋಸ್ಟರಾದರೆ ಇನ್ನೂ ಒಳ್ಳೆಯ ದಾರಿಯೊಂದಿದೆ. ಲಗ್ನಪತ್ರಿಕೆ ಅಚ್ಚು ಹಾಕುವ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಗೆ ಹೋಗಿ. ಅಲ್ಲಿ ಇಂದಿಗೂ ಬಣ್ಣಕ್ಕೊಂದು ಪರದೆ, ಬಣ್ಣಕ್ಕೊಂದು ಒತ್ತು. ಪ್ರತಿ ಪದರವನ್ನೂ ಬೇರೆ ಬೇರೆಯಾಗಿ, ಕಪ್ಪಿನಲ್ಲೇ, ಪಾರದರ್ಶಕ ಹಾಳೆಯ ಮೇಲೆ ತೆಗೆದುಕೊಡಬೇಕು. ನಾಲ್ಕು ಮೂಲೆಯಲ್ಲೂ ಒಂದಕ್ಕೊಂದು ಕೂಡುವ ಗುರುತು ಹಾಕಿರಬೇಕು. ಇಲ್ಲಿ ಬಣ್ಣ ಜರುಗಿಸುವ ಕಸರತ್ತು ಬೇಡ, ಕೈಕೆಲಸದಲ್ಲಿ ಅದು ತಾನಾಗಿಯೇ ಒಂದಿಷ್ಟು ಆಗುತ್ತದೆ.

ಮಾದರಿ ಪ್ರತಿಯನ್ನು ಮನೆಯ ಗೋಡೆಗೆ ಅಂಟಿಸಿ, ಹತ್ತು ಹೆಜ್ಜೆ ದೂರದಿಂದ ಅಜ್ಜನ ಕೈಲಿ ಓದಿಸಬೇಕು. ನಾಟಕದ ಹೆಸರು, ದಿನ, ಜಾಗ ಈ ಮೂರನ್ನು ಅವರು ತಡವರಿಸದೆ ಓದಿದರೆ ಉಳಿದ ಪ್ರತಿಗಳಿಗೆ ಹೇಳಬಹುದು. ತಾರೀಖಿಗೂ ವಾರಕ್ಕೂ ತಾಳೆಯಿದೆಯೇ ಎಂದು ಅವರೇ ಪಂಚಾಂಗ ತೆಗೆದು ನೋಡುತ್ತಾರೆ. ಮೈದಾ ಅಂಟಿನ ಬಕೆಟ್ ಹಿಡಿದು ಬೀದಿಗಿಳಿಯುವ ಉತ್ಸಾಹ ಮಾತ್ರ ಬೇಡ. ತೆರೆದ ಸ್ಥಳಗಳ ಅಂದಗೆಡಿಸುವುದನ್ನು ತಡೆಯುವ ಕಾಯ್ದೆ ಕರ್ನಾಟಕದಲ್ಲಿ 1981ರಿಂದ ಇದೆ. ಕಾಲೇಜಿನ ಸೂಚನಾ ಫಲಕ, ಗ್ರಂಥಾಲಯದ ಬಾಗಿಲು, ಕೇಳಿದರೆ ಒಪ್ಪುವ ಹೋಟೆಲು ಮತ್ತು ಪುಸ್ತಕದಂಗಡಿಗಳ ಒಳಗೋಡೆ, ಐವತ್ತು ಪ್ರತಿಗೆ ಇಷ್ಟು ಧಾರಾಳ.