ಎದುರುಗಾಳಿಗೆ ಹಾಯಿ ಬಿಚ್ಚಿದವರು

ಆಷಾಢದಲ್ಲಿ ಹರಿಹರದಿಂದ ತುಂಗಭದ್ರೆಯ ಸೇತುವೆ ದಾಟಿ ಕುಮಾರಪಟ್ಟಣದ ಕಡೆಗೆ ಸೈಕಲ್ ತುಳಿದವರಿಗೆ ಎದುರುಗಾಳಿ ಅಂದರೇನು ಎಂದು ಬಿಡಿಸಿ ಹೇಳಬೇಕಿಲ್ಲ. ಅರಬ್ಬೀ ಸಮುದ್ರದಲ್ಲಿ ಎದ್ದು, ಘಟ್ಟದಲ್ಲಿ ಮಳೆ ಸುರಿಸಿ, ಹಗುರಾಗಿ ದಾವಣಗೆರೆಯ ಬಯಲಿಗೆ ಬರುವ ಗಾಳಿ ಅದು. ಅದು ಬಂದ ದಿಕ್ಕಿಗೆ ಭೂಪಟದ ಮೇಲೆ ಗೆರೆ ಎಳೆಯುತ್ತ ಹೋದರೆ ದಾವಣಗೆರೆಯಿಂದ ಸುಮಾರು 210 ಕಿ.ಮೀ.ಗೆ ಮಂಗಳೂರು ಸಿಗುತ್ತದೆ. ಅಲ್ಲಿಂದ ಕಡಲಿಗಿಳಿದು ನೈಋತ್ಯಕ್ಕೇ ಇನ್ನೂ 250–300 ಕಿ.ಮೀ. ಸಾಗಿದರೆ ಕಿಲ್ತಾನ್, ಚೆಟ್ಲಾತ್, ಕಡಮತ್, ಅಮೀನಿ ಎಂಬ ಹವಳದ ದ್ವೀಪಗಳು.

ಅಮೀನ್‌ದೀವಿ ಎನಿಸಿಕೊಂಡ ಈ ಗುಂಪು ಹಿಂದೆ ಟಿಪ್ಪುವಿನ ಆಳ್ವಿಕೆಯಲ್ಲಿತ್ತು. 1799ರಲ್ಲಿ ಬ್ರಿಟಿಷರ ಕೈಸೇರಿತು. ಆಮೇಲೆ ಅದರ ಆಡಳಿತ ನಡೆದದ್ದು ಮಂಗಳೂರಿನಿಂದಲೇ, ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿ. 1956ರ ನವೆಂಬರ್ 1ರಂದು ಅದು ಕೇಂದ್ರಾಡಳಿತಕ್ಕೆ ಹೋಯಿತು. ನಮ್ಮ ರಾಜ್ಯೋತ್ಸವದ ಭಾಷಣಗಳಲ್ಲಿ ಈ ಮಾತು ಬರುವುದು ಕಡಿಮೆ.

ಹವಳದ ಮರಳಿನಲ್ಲಿ ತೆಂಗು ಬೆಳೆಯುತ್ತದೆ, ಭತ್ತ ಬೆಳೆಯುವುದಿಲ್ಲ. ಹಾಗಾಗಿ ದ್ವೀಪದವರು ಕತ್ತದ ಹುರಿಯನ್ನು ‘ಓಡಂ’ ಎಂಬ ಹಾಯಿನಾವೆಗೆ ಹೇರಿ ಮಂಗಳೂರಿಗೆ ತರುತ್ತಿದ್ದರು. ಹುರಿಯ ವ್ಯಾಪಾರವನ್ನು ಪೂರ್ತಿ ತನ್ನ ಹಿಡಿತದಲ್ಲಿ ಇಟ್ಟುಕೊಂಡಿದ್ದ ಸರ್ಕಾರ ಅದಕ್ಕೆ ಬದಲಾಗಿ ಅಕ್ಕಿ ಕೊಡುತ್ತಿತ್ತು. ಓಡಂ ಮಂಗಳೂರು ಮುಟ್ಟದಿದ್ದರೆ ದ್ವೀಪದಲ್ಲಿ ಅನ್ನವಿಲ್ಲ.

ತೊಡಕಿರುವುದು ದಿಕ್ಕಿನಲ್ಲಿ. ದ್ವೀಪದಿಂದ ಮಂಗಳೂರು ಈಶಾನ್ಯಕ್ಕಿದೆ. ಕಡಲು ಶಾಂತವಾಗಿರುವ ಡಿಸೆಂಬರ್, ಜನವರಿಯಲ್ಲಿ ಅಲ್ಲಿ ಗಾಳಿ ಬೀಸುವುದು ಹೆಚ್ಚಾಗಿ ಉತ್ತರ–ಈಶಾನ್ಯದ ನಡುವಿನಿಂದ. ಅಂದರೆ ಹುರಿ ಹೊತ್ತು ಬರುವ ನಾವೆಯ ಮುಖಕ್ಕೇ. ಮಳೆಗಾಲದ ಗಾಳಿ ಹಿಂದಿನಿಂದ ನೂಕುತ್ತದೆ ನಿಜ, ಆದರೆ ಆಗಿನ ಕಡಲಿಗೆ ಇಳಿಯುವ ಧೈರ್ಯ ಯಾರಿಗೂ ಇರಲಿಲ್ಲ. ಜೂನ್‌ಗೆ ಮೊದಲೇ ಓಡಂಗಳನ್ನು ದಡಕ್ಕೆ ಎಳೆದಿಡುತ್ತಿದ್ದರು.

ಎದುರುಗಾಳಿಯಲ್ಲಿ ಹಾಯಿನಾವೆ ಮುಂದೆ ಹೋಗುವುದಾದರೂ ಹೇಗೆ? ಹರಿಹರದಲ್ಲಿ 1868ರಲ್ಲಿ ಸೇತುವೆ ಮುಗಿಯುವ ಮೊದಲು ಹೊಳೆ ದಾಟಿಸುತ್ತಿದ್ದ ಹರಿಗೋಲಿಗೆ ಇದು ಸಾಧ್ಯವೇ ಇಲ್ಲ. ದುಂಡಗಿನ ಬಿದಿರ ಬುಟ್ಟಿಗೆ ನೀರಿನಲ್ಲಿ ಹಿಡಿತವಿಲ್ಲ. ಗಾಳಿ ಬೀಸಿದತ್ತ ತೇಲುತ್ತದೆ, ಜೊತೆಗೆ ಗಿರಗಿರ ತಿರುಗುತ್ತದೆ. ಕಡಲ ನಾವೆಗೆ ಉದ್ದ ಮೈ ಇದೆ, ತಳದುದ್ದಕ್ಕೂ ಅಡಿಮರವಿದೆ. ಓರೆಯಾಗಿ ಕಟ್ಟಿದ ಹಾಯಿಪಟದ ಉಬ್ಬಿನ ಮೇಲೆ ಗಾಳಿ ಹರಿದಾಗ ನಾವೆಯನ್ನು ಮುಂದಕ್ಕೂ ಪಕ್ಕಕ್ಕೂ ಎಳೆಯುವ ಬಲ ಹುಟ್ಟುತ್ತದೆ. ಪಕ್ಕಕ್ಕೆ ಜಾರದಂತೆ ಅಡಿಮರ ಮತ್ತು ಮೈ ನೀರನ್ನು ಒತ್ತಿ ಹಿಡಿಯುತ್ತವೆ. ಕಲ್ಲಂಗಡಿ ಬೀಜವನ್ನು ಎರಡು ಬೆರಳ ನಡುವೆ ಒತ್ತಿದರೆ ಮುಂದಕ್ಕೆ ಚಿಮ್ಮುವಂತೆ, ಗಾಳಿ ಮತ್ತು ನೀರಿನ ನಡುವೆ ಸಿಕ್ಕಿದ ನಾವೆ ಮುಂದೆ ಜಾರುತ್ತದೆ. ಗಾಳಿಗೆ ತೀರ ನೇರವಾಗಿ ಮಾತ್ರ ಹೋಗಲಾಗದು. ಒಮ್ಮೆ ಬಲಕ್ಕೆ ಓರೆ, ಒಮ್ಮೆ ಎಡಕ್ಕೆ ಓರೆ, ಹೀಗೆ ಅಂಕುಡೊಂಕಾಗಿ ಏರಬೇಕು.

ಇಲ್ಲಿ ಸ್ವಲ್ಪ ಲೆಕ್ಕ ಹಾಕೋಣ. ಇಂದಿನ ಪಂದ್ಯದ ದೋಣಿಗಳು ಗಾಳಿಗೆ 45 ಡಿಗ್ರಿಯಷ್ಟು ಹತ್ತಿರ ಸಾಗುತ್ತವೆ, 250 ಕಿ.ಮೀ. ದಾರಿ ಅವುಗಳಿಗೆ 350 ಆಗುತ್ತದೆ. ಹೊರೆ ಹೊತ್ತ ಮರದ ನಾವೆಗೆ ಆ ಚುರುಕು ಇರುವುದಿಲ್ಲ. 60 ಡಿಗ್ರಿ ಹಿಡಿದರೆ ದಾರಿ 500 ಕಿ.ಮೀ. ಪಕ್ಕಕ್ಕೆ ಜಾರಿದ್ದೂ ಸೇರಿ 70 ಡಿಗ್ರಿ ಆಯಿತೆನ್ನಿ, ದಾರಿ 730 ಕಿ.ಮೀ. ಗಂಟೆಗೆ 7 ಕಿ.ಮೀ. ವೇಗವಿದ್ದರೆ ಒಂದೂವರೆ ದಿನದ ನೇರ ದಾರಿ ನಾಲ್ಕು ದಿನ ದಾಟುತ್ತದೆ. ಬರೀ ಹತ್ತು ಡಿಗ್ರಿ ಸಡಿಲಬಿಟ್ಟದ್ದಕ್ಕೆ ಒಂದು ದಿನಕ್ಕೂ ಹೆಚ್ಚಿನ ದಂಡ! ಹಡಗಿನಲ್ಲಿರುವ ಕುಡಿಯುವ ನೀರಿಗೆ ಈ ಲೆಕ್ಕ ಗೊತ್ತಿರುವುದಿಲ್ಲ.

ತಿರುಗುವುದೂ ಸುಲಭವಲ್ಲ. ಅರಬ್ಬೀ ಸಮುದ್ರದ ಓರೆಪಟದ ನಾವೆಗಳಲ್ಲಿ ಪಟ ಹೊತ್ತ ಉದ್ದನೆಯ ದೂಲ ಕೂವೆಮರದ (ಹಾಯಿಕಂಬದ) ಒಂದು ಮಗ್ಗುಲಿಗೆ ಇರುತ್ತದೆ. ದಿಕ್ಕು ಬದಲಿಸಲು ಮೂತಿಯನ್ನು ಗಾಳಿಯ ಕಡೆಗೇ ತಿರುಗಿಸಿದರೆ ಪಟ ಕೂವೆಮರಕ್ಕೆ ಒತ್ತಿಕೊಂಡು ನಾವೆ ನಿಂತೇಬಿಡುತ್ತದೆ. ಆದ್ದರಿಂದ ಗಾಳಿಗೆ ಬೆನ್ನು ಕೊಟ್ಟು ದೊಡ್ಡ ಸುತ್ತು ಹಾಕುತ್ತಾರೆ. ಆ ಹೊತ್ತಿಗೆ ದೂಲವನ್ನು ನೆಟ್ಟಗೆ ನಿಲ್ಲಿಸಿ, ಕೂವೆಮರದ ಮುಂದಿನಿಂದ ಆಚೆ ಮಗ್ಗುಲಿಗೆ ದಾಟಿಸಬೇಕು. ರಾತ್ರಿ, ಅಲೆಗಳ ನಡುವೆ, ಬೀಸುವ ಪಟದ ಕೆಳಗೆ ಈ ಕೆಲಸ. ಪ್ರತಿ ಸುತ್ತಿಗೂ ಗಳಿಸಿದ ದೂರದಲ್ಲಿ ಒಂದಷ್ಟು ಕೈಬಿಟ್ಟುಹೋಗುತ್ತದೆ. ಅದಕ್ಕೇ ಅನುಭವಿಗಳು ತಿರುವುಗಳನ್ನು ಕಡಿಮೆ ಮಾಡಿ ಉದ್ದುದ್ದ ಓಟ ಹಾಕುತ್ತಾರೆ.

ನನ್ನ ಮಟ್ಟಿಗೆ ಈ ದಾರಿಯಲ್ಲಿ ತೋಳ್ಬಲಕ್ಕಿಂತ ಪಂಚಾಂಗ ದೊಡ್ಡದು. ಮಳೆಗಾಲ ಇಳಿಮುಖವಾದ ಸೆಪ್ಟೆಂಬರ್‌ನಲ್ಲಿ ಉಳಿದ ಪಡುವಣ ಗಾಳಿ ಮಂಗಳೂರಿಗೆ ನೂಕುತ್ತದೆ. ಮಾರ್ಚ್ ಹೊತ್ತಿಗೆ ವಾಯವ್ಯದ ಗಾಳಿ. ಹೋಗುವಾಗಲೂ ಬರುವಾಗಲೂ ಪಕ್ಕದಿಂದ ಬೀಸುವ ಅದರಲ್ಲಿ ನಾವೆ ಸಲೀಸಾಗಿ ಓಡುತ್ತದೆ. ಚಳಿಗಾಲದಲ್ಲೇ ಬರಬೇಕಾದರೂ ಕರಾವಳಿ ಹತ್ತಿರವಾದಂತೆ ಒಂದು ಅನುಕೂಲವುಂಟು. ಬಿಸಿಲಿಗೆ ನೆಲ ಕಾದು ಮಧ್ಯಾಹ್ನ ಕಡಲಿಂದ ದಡಕ್ಕೆ ಗಾಳಿ ಎದ್ದಾಗ ಅಳಿವೆ ಹೊಗಬಹುದು. ರಾತ್ರಿ ನೆಲದಿಂದ ಬೀಸುವ ಗಾಳಿಗೆ ದ್ವೀಪದ ಕಡೆ ಹೊರಡಬಹುದು.

ಅಕ್ಕಿ ಹೇರಿ ಮರಳುವಾಗ ಗಾಳಿ ಬೆನ್ನಿಗಿದ್ದರೂ ಇನ್ನೊಂದು ಭಯ. ಈ ದ್ವೀಪಗಳು ನೀರಿನಿಂದ ಕೆಲವೇ ಮೀಟರ್ ಎತ್ತರ. ತೆಂಗಿನ ತಲೆ ಕಾಣಬೇಕಾದರೆ ಸಾಕಷ್ಟು ಹತ್ತಿರ ಬಂದಿರಬೇಕು. ಕಾಣದೆ ಗಾಳಿಯ ಜೊತೆ ಮುಂದೆ ದಾಟಿಹೋದರೆ ಮತ್ತೆ ಎದುರುಗಾಳಿಯ ಅಂಕುಡೊಂಕು. ನಾವೆ ನಡೆಸುವ ಮಾಲ್ಮಿಗಳು ಗಂಟು ಹಾಕಿದ ದಾರವನ್ನು ಹಲ್ಲಲ್ಲಿ ಕಚ್ಚಿ, ಅದರ ತುದಿಯ ‘ಕಮಾಲ್’ ಎಂಬ ಹಲಗೆಯಿಂದ ಧ್ರುವನಕ್ಷತ್ರದ ಎತ್ತರ ಅಳೆದು ತಾವು ಎಷ್ಟು ಉತ್ತರದಲ್ಲಿದ್ದೇವೆಂದು ತಿಳಿಯುತ್ತಿದ್ದರು.

ಓಡಂನ ಹಲಗೆಗಳನ್ನು ಕತ್ತದ ಹುರಿಯಲ್ಲೇ ಹೊಲಿಯುತ್ತಿದ್ದರು. ಆ ವಿದ್ಯೆಯಿಂದಲೇ ಕಟ್ಟಿದ ‘ಕೌಂಡಿನ್ಯ’ ಹಡಗು 2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆ ಸೇರಿತು. ಅಜಂತಾದ ಚಿತ್ರ ನೋಡಿ ರೂಪಿಸಿದ ಅದಕ್ಕೆ ಚೌಕದ ಪಟಗಳು. ಗಾಳಿಗೆ ಎದುರೇರುವುದರಲ್ಲಿ ಚೌಕಪಟ ಓರೆಪಟದಷ್ಟು ಚುರುಕಲ್ಲ.

ಮಂಗಳೂರಿನ ಹಳೆ ಬಂದರಿನಿಂದ ದ್ವೀಪಗಳಿಗೆ ಸಿಮೆಂಟು, ಜಲ್ಲಿ, ತರಕಾರಿ ಒಯ್ಯುವ ‘ಮಂಜಿ’ ಎಂಬ ನಾವೆಗಳಿಗೆ ಈಗ ಡೀಸೆಲ್ ಎಂಜಿನ್ ಬಂದಿದೆ. ಸಾಮಾನು ಹೇರುವುದನ್ನು ನೋಡಬೇಕೆಂದಿದ್ದರೆ ಚಳಿಗಾಲದಲ್ಲಿ ಹೋಗಿ. ಮೇ ನಡುವಿನಿಂದ ಸೆಪ್ಟೆಂಬರ್ ನಡುವಿನ ತನಕ ಈ ನಾವೆಗಳ ಸಂಚಾರಕ್ಕೆ ಇಂದಿಗೂ ನಿಷೇಧವಿದೆ.